ಶ್ಯಾಟರ್ಡ್ ಪಿಕ್ಸೆಲ್ ಡಂಜನ್: ಮೊದಲರ್ಧ ತಲೆಗೆ ಕೆಲಸ, ಉಳಿದರ್ಧ ಬರೀ ಅಂಕಿಗೆ?

ಕೊನೆಮೆಟ್ಟಿಲು:

ಶ್ಯಾಟರ್ಡ್ ಆಡುವವರು ಇಲ್ಲಿ ಸುಮಾರು ಜನ ಇದ್ದೀರಿ. ಹೊಗಳಿಕೆ ಬೇಕಾದಷ್ಟು ಓದಿದ್ದೇವೆ. ಬೈಗುಳವನ್ನೂ ಓದಿದ್ದೇವೆ, ಅದರಲ್ಲಿ ಹೆಚ್ಚಿನವು ಮೂರನೇ ಮಹಡಿಯಲ್ಲಿ ಏಡಿಯ ಕೈಯಲ್ಲಿ ಸತ್ತು ಸಿಟ್ಟಿನಲ್ಲಿ ಬರೆದಂಥವು. ನನಗೆ ಇವೆರಡೂ ಬೇಡ. ಈ ಆಟ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅಂತ ಆಡಿ ಬಲ್ಲವರ ಜೊತೆ ಮಾತಾಡಬೇಕು.

ಗೊತ್ತಿಲ್ಲದವರಿಗೆ ಎರಡು ಮಾತು. ವಾಟಾಬೌ ಅನ್ನುವ ಹೆಸರಿನಲ್ಲಿ ಆಟ ಮಾಡುವವರೊಬ್ಬರು 2012ರಲ್ಲಿ ಪಿಕ್ಸೆಲ್ ಡಂಜನ್ ಬಿಟ್ಟರು. 2014ರಲ್ಲಿ ಅದರ ಸೋರ್ಸ್ ಕೋಡನ್ನು ಎಲ್ಲರಿಗೂ ಕೊಟ್ಟರು. ಅದೇ ವರ್ಷ ಇವಾನ್ ಡೆಬೆನ್‌ಹ್ಯಾಮ್ ಆ ಕೋಡ್ ತೆಗೆದುಕೊಂಡು ಶ್ಯಾಟರ್ಡ್ ಶುರು ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಅಪ್‌ಡೇಟ್ ನಿಂತಿಲ್ಲ. ಚರಂಡಿ, ಜೈಲು, ಗುಹೆ, ಕುಳ್ಳರ ಪಟ್ಟಣ, ರಾಕ್ಷಸರ ಅರಮನೆ ಅಂತ ಐದು ಭಾಗ, ಒಂದೊಂದಕ್ಕೆ ಐದು ಮಹಡಿ, ಐದನೆಯದರಲ್ಲಿ ಬಾಸ್. ಮಹಡಿ ಅಂದರೂ ಹೋಗುವುದು ಕೆಳಕ್ಕೆ. ಎಲ್ಲ ದಾಟಿದರೆ 26ನೇ ಮಹಡಿಯಲ್ಲಿ ನಾವು ಹುಡುಕಿ ಹೊರಟ ತಾಯಿತ. ನೀವು ಹೆಜ್ಜೆ ಇಟ್ಟರೆ ಮಾತ್ರ ಶತ್ರುವೂ ಹೆಜ್ಜೆ ಇಡುತ್ತದೆ, ಈ ಒಂದೊಂದು ಸರದಿಗೆ ಟರ್ನ್ ಅಂತಾರೆ. ಸತ್ತರೆ ಮತ್ತೆ ಮೊದಲಿಂದ.

ಈಗ ಗಟ್ಟಿ ಇರುವ ಕಡೆ. ಆಟದಲ್ಲಿ 12 ಬಗೆ ಪೋಶನ್ (ಬಾಟಲಿಯ ಮದ್ದು), 12 ಬಗೆ ಸ್ಕ್ರಾಲ್ (ಓದುವ ಮಂತ್ರದ ಸುರುಳಿ). ಯಾವ ಬಣ್ಣದ ಬಾಟಲಿಯಲ್ಲಿ ಏನಿದೆ ಅನ್ನುವುದು ಪ್ರತಿ ಆಟಕ್ಕೂ ಬದಲಾಗುತ್ತದೆ. ಹೊಸಬರು ಇದನ್ನು ಲಾಟರಿ ಅಂದುಕೊಂಡು ಸಿಕ್ಕಿದ್ದನ್ನೆಲ್ಲ ಕುಡಿಯುತ್ತಾರೆ. ಲಾಟರಿ ಅಲ್ಲ, ಅದು ಪತ್ತೇದಾರಿ ಕೆಲಸ. ಕೆಲವು ಮಹಡಿಗಳಲ್ಲಿ ಒಳಗೆ ಹೋಗಲಾಗದ ಕೋಣೆ ಇರುತ್ತದಲ್ವಾ, ಅದನ್ನು ತೆರೆಯಲು ಬೇಕಾದ ಪೋಶನ್ ಅದೇ ಮಹಡಿಯಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ. ಮರದ ಅಡ್ಡಗಟ್ಟು ಇದ್ದರೆ ಬೆಂಕಿ ಹಚ್ಚುವ ಲಿಕ್ವಿಡ್ ಫ್ಲೇಮ್. ಬೆಂಕಿಯ ಗೋಡೆ ಇದ್ದರೆ ಹೆಪ್ಪುಗಟ್ಟಿಸುವ ಫ್ರಾಸ್ಟ್. ಕೊಳದ ತುಂಬ ಪಿರಾನ್ಹಾ ಮೀನು ಇದ್ದರೆ ಕಣ್ಣಿಗೆ ಕಾಣದಂತೆ ಮಾಡುವ ಇನ್‌ವಿಸಿಬಿಲಿಟಿ. ನೆಲವೆಲ್ಲ ಬಲೆಯಾಗಿದ್ದರೆ ಗಾಳಿಯಲ್ಲಿ ತೇಲಿಸುವ ಲೆವಿಟೇಶನ್.

ಇದರ ಮೇಲೆ ಲೆಕ್ಕ ಹಾಕಿ ನೋಡಿ. ಎರಡನೇ ಮಹಡಿಯಲ್ಲಿ ಮರದ ಅಡ್ಡಗಟ್ಟು ಇತ್ತು, ಅಲ್ಲಿ ಸಿಕ್ಕ ಬಾಟಲಿ ಒಂದೇ, ನೇರಳೆ. ಹಾಗಾದರೆ ನೇರಳೆ ಅಂದರೆ ಲಿಕ್ವಿಡ್ ಫ್ಲೇಮ್. ಮೂರನೇ ಮಹಡಿಯಲ್ಲಿ ಬೆಂಕಿಯ ಗೋಡೆ, ಸಿಕ್ಕಿದ್ದು ಇನ್ನೊಂದು ನೇರಳೆ, ಒಂದು ನೀಲಿ. ಹಾಗಾದರೆ ನೀಲಿ ಫ್ರಾಸ್ಟ್. ಒಂದು ಹನಿಯೂ ಕುಡಿಯದೆ ಎರಡು ಬಣ್ಣ ಗುರುತಾದವು. ಒಂದು ಇಡೀ ಆಟದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವ ಗಳಿಗೆ ಇದೇ, ಬಾಸ್ ಬಿದ್ದಾಗಲೂ ಇಷ್ಟು ಖುಷಿ ಆಗುವುದಿಲ್ಲ.

ಟೊಳ್ಳು ಎಲ್ಲಿ? ಆಯುಧ, ಕವಚಗಳ ಬಲ ಏರಿಸುವ ಅಪ್‌ಗ್ರೇಡ್ ಸ್ಕ್ರಾಲ್‌ನಲ್ಲಿ. ಒಂದೊಂದು ಭಾಗಕ್ಕೆ ಮೂರರಂತೆ ಒಟ್ಟು 15 ಖಾತ್ರಿ ಸಿಗುತ್ತವೆ. ಅಷ್ಟನ್ನೂ ಒಂದೇ ಸಾಮಾನಿನ ಮೇಲೆ ಸುರಿದವನು ಗೆಲ್ಲುತ್ತಾನೆ, ನಾಲ್ಕು ಕಡೆ ಹಂಚಿದವನು ಗುಹೆಯಲ್ಲೋ ಕುಳ್ಳರ ಪಟ್ಟಣದಲ್ಲೋ ಸಾಯುತ್ತಾನೆ. ಅಲ್ಲಿಗೆ ಹತ್ತನೇ ಮಹಡಿಯ ಹೊತ್ತಿಗೆ ಬಹುತೇಕ ಬಾಟಲಿ ಗುರುತಾಗಿರುತ್ತದೆ, ಯಾವ ಸಾಮಾನಿಗೆ ಸುರಿಯಬೇಕು ಅನ್ನುವುದೂ ತೀರ್ಮಾನವಾಗಿರುತ್ತದೆ. ಆಮೇಲಿನ ಹದಿನೈದು ಮಹಡಿ ನನ್ನ ಅಂಕಿ ದೊಡ್ಡದೋ ಅವರ ಅಂಕಿ ದೊಡ್ಡದೋ ಅನ್ನುವ ಜಗಳ. ತಲೆ ಓಡಿಸುವ ಆಟ ಅರ್ಧದಲ್ಲೇ ಮುಗಿದುಹೋಗುತ್ತದೆ ಅನ್ನುವುದು ನನ್ನ ತಕರಾರು. ಬನ್ನಿ, ಜಗಳ ಆಡೋಣ.

ಬಿಲ್ಲುಗಾರ್ತಿ:

ಮೊದಲರ್ಧದ ಬಗ್ಗೆ ಹೇಳಿದ್ದೆಲ್ಲ ಒಪ್ಪಿದೆ. ಎರಡನೇ ಅರ್ಧ ಒಪ್ಪುವುದಿಲ್ಲ, ಒಂಚೂರೂ.

ರಾಕ್ಷಸರ ಭಾಗದಲ್ಲಿ ಸ್ಕಾರ್ಪಿಯೋ ಅನ್ನುವ ಚೇಳು ಬರುತ್ತದಲ್ವಾ, ಅದನ್ನು ಅಂಕಿಯಿಂದ ಹೊಡೆಯಿರಿ ನೋಡೋಣ. ದೂರದಿಂದ ಮುಳ್ಳು ಎಸೆದು ಕಾಲು ಕುಂಟು ಮಾಡುತ್ತದೆ, ನೀವು ಹತ್ತಿರ ಹೋದರೆ ಹಿಂದೆ ಸರಿಯುತ್ತದೆ, ಮತ್ತೆ ಎಸೆಯುತ್ತದೆ. ಬಯಲಿನಲ್ಲಿ ಓಡಿಸಿಕೊಂಡು ಹೋದರೆ ಪ್ಲೇಟ್ ಕವಚ ಇದ್ದರೂ ಜೀವ ಅರ್ಧ ಹೋಗುತ್ತದೆ. ಮಾಡಬೇಕಾದ್ದು ಒಂದೇ. ಗೋಡೆ ಮೂಲೆಯ ಮರೆಗೆ ಹೋಗಿ ನಿಲ್ಲಬೇಕು. ನೀವು ಕಾಣದಿದ್ದರೆ ಅದೇ ಹುಡುಕಿಕೊಂಡು ಬರುತ್ತದೆ, ಮೂಲೆ ತಿರುಗಿದ ಕೂಡಲೇ ನಿಮ್ಮ ಕೈಗೆ ಸಿಗುತ್ತದೆ. ಅಲ್ಲೇ ಬರುವ ಈವಿಲ್ ಐ ಅನ್ನುವ ಶತ್ರು ಕೂಡ ಹಾಗೇ. ಕಿರಣ ಬಿಡುವ ಮುಂಚೆ ಒಂದು ಟರ್ನ್ ತಯಾರಾಗುತ್ತದೆ. ಆ ಒಂದು ಟರ್ನ್‌ನಲ್ಲಿ ಮರೆಗೆ ಹೋದರೆ ಬದುಕಿದಿರಿ, ಇನ್ನೊಂದು ಏಟು ಹೊಡೆದುಬಿಡೋಣ ಅಂತ ಆಸೆಪಟ್ಟರೆ ಮುಗೀತು.

ಇದು ತಲೆಯ ಕೆಲಸ ಅಲ್ಲದೆ ಮತ್ತೇನು? ಬಾಟಲಿ ಗುರುತಿಸುವ ಕೆಲಸ ಮುಗಿದ ಮೇಲೆ ನಿಲ್ಲುವ ಜಾಗ ಗುರುತಿಸುವ ಕೆಲಸ ಶುರುವಾಗುತ್ತದೆ, ಅಷ್ಟೇ.

ಇನ್ನೊಂದು. ಎಲ್ಲ ಸಾಮಾನಿಗೂ ಅಪ್‌ಗ್ರೇಡ್ ಬೇಕಿಲ್ಲ. ಆರ್ಟಿಫ್ಯಾಕ್ಟ್ ಅನ್ನುವ ಮಾಯದ ವಸ್ತುಗಳು ಬಳಸಿದಂತೆ ತಾವೇ ಬೆಳೆಯುತ್ತವೆ. ಆಡಲು ಆರಿಸಿಕೊಳ್ಳುವ ಪಾತ್ರಗಳಲ್ಲಿ ಒಬ್ಬಳಾದ ಹಂಟ್ರೆಸ್‌ನ ಬಿಲ್ಲು ಅವಳ ಲೆವೆಲ್ ಏರಿದಂತೆ ಬಲವಾಗುತ್ತದೆ. ನೀವು ವಾರಿಯರ್ ಬಿಟ್ಟು ಬೇರೆ ಯಾರನ್ನೂ ಆಡುವುದಿಲ್ಲ ಅಂತ ಅನುಮಾನ ನನಗೆ.

ಏಡಿಕಾಟ:

ನಮಸ್ಕಾರ ಎಲ್ಲರಿಗೂ, ನಾನು ಹೊಸಬ. ಮೂರನೇ ಮಹಡಿಯಲ್ಲಿ ಏಡಿಯ ಕೈಯಲ್ಲಿ ಸತ್ತು ಸಿಟ್ಟಿನಲ್ಲಿ ಬರೆಯುವವರ ಪೈಕಿ ನಾನೇ ಒಬ್ಬ, ಹೆಸರು ನೋಡಿದರೆ ಗೊತ್ತಾಗುತ್ತೆ. ಓಡಿದರೂ ಬಿಡಲ್ಲ ಅದು. ಮತ್ತೆ ಒಂದು ಹಾವು ಇದೆ, ಎಷ್ಟು ಹೊಡೆದರೂ ತಾಗುವುದೇ ಇಲ್ಲ. ಆಟದಲ್ಲಿ ಏನಾದರೂ ಬಗ್ ಇದೆಯಾ? ನೀವೆಲ್ಲ ಇಪ್ಪತ್ತೈದನೇ ಮಹಡಿ ಬಗ್ಗೆ ಮಾತಾಡ್ತಿದ್ದೀರಿ, ನನಗೆ ಐದನೇ ಮಹಡಿಯ ಆ ಕಪ್ಪು ಮುದ್ದೆ ದಾಟಿದರೆ ಸಾಕು.

ಹಾವುಮೇಷ್ಟ್ರು:

@ಏಡಿಕಾಟ ಬಗ್ ಅಲ್ಲ ಗುರು, ಆ ಹಾವು ನಿಮಗೆ ಪಾಠ ಹೇಳಲು ಅಂತಲೇ ಇರುವುದು. ಅದರ ಜೀವ ಬರೀ 4. ತಾಗಿದರೆ ಒಂದೇ ಏಟಿಗೆ ಸಾಯುತ್ತದೆ, ಆದರೆ ನೇರ ನಿಂತು ಹೊಡೆದರೆ ಬಹುಪಾಲು ತಪ್ಪಿಸಿಕೊಳ್ಳುತ್ತದೆ. ಈಗ ಹೀಗೆ ಮಾಡಿ. ಹಾವು ಹಿಂದೆ ಬರುವಂತೆ ಮಾಡಿಕೊಂಡು ಒಂದು ಬಾಗಿಲು ದಾಟಿ. ದಾಟಿದ ಮೇಲೆ ಬಾಗಿಲಿಗೆ ನೇರವಾಗಿ ನಿಲ್ಲಬೇಡಿ, ಪಕ್ಕದ ಮನೆಗೆ (ಮನೆ ಅಂದರೆ ನೆಲದ ಒಂದು ಚೌಕ), ಅಂದರೆ ಬಾಗಿಲಿಗೆ ಓರೆಯಾಗಿ ನಿಲ್ಲಿ. ಬಾಗಿಲು ಮುಚ್ಚಿಕೊಳ್ಳುತ್ತದೆ, ಅದಕ್ಕೆ ನೀವು ಕಾಣುವುದಿಲ್ಲ. ಅದು ಬಾಗಿಲ ಮೇಲೆ ಕಾಲಿಟ್ಟ ಟರ್ನ್‌ನಲ್ಲಿ ಹೊಡೆಯಿರಿ. ತಪ್ಪುವ ಮಾತೇ ಇಲ್ಲ. ಇದಕ್ಕೆ ಸರ್‌ಪ್ರೈಸ್ ಅಟ್ಯಾಕ್ ಅಂತಾರೆ. (ಹಾವಿಗೆ ಕಾಲೆಲ್ಲಿ ಅಂತ ಕೇಳಬೇಡಿ.)

ಏಡಿಗೂ ಇದೇ ಮದ್ದು. ಏಡಿ ನಿಮ್ಮ ಒಂದು ಹೆಜ್ಜೆಗೆ ಎರಡು ಹೆಜ್ಜೆ ಇಡುತ್ತದೆ, ಹಾಗಾಗಿ ಓಡುವುದು ದಂಡ. ಬಾಗಿಲು ಹಿಡಿದು ಕಾಯಿರಿ.

@ಕೊನೆಮೆಟ್ಟಿಲು ನಿಮ್ಮ ಪಟ್ಟಿಯಲ್ಲಿ ಇದನ್ನು ಸೇರಿಸಬೇಕಿತ್ತು. ಹಾವು ಏಟು ತಪ್ಪಿಸಿಕೊಳ್ಳುತ್ತಾ ಹೋದರೆ ಗೈಡ್‌ಬುಕ್‌ನಲ್ಲಿ ಸರ್‌ಪ್ರೈಸ್ ಅಟ್ಯಾಕ್ ಪುಟ ಮಿನುಗಲು ಶುರುವಾಗುತ್ತದೆ, ನೋಡಿದ್ದೀರಾ? ನಡುವೆ ಬಂದು ಉಪದೇಶ ಮಾಡುವುದಿಲ್ಲ, ಕಿಟಕಿ ತೆರೆದು ಆಟ ನಿಲ್ಲಿಸುವುದಿಲ್ಲ. ಪೆಟ್ಟು ತಪ್ಪಿದ ಹೊತ್ತಿಗೇ ಪುಟ ತೋರಿಸುತ್ತದೆ. ಕಲಿಸುವ ಕೆಲಸವನ್ನು ಒಂದು ಶತ್ರುವಿಗೇ ವಹಿಸುವುದು ದೊಡ್ಡ ಕಂಪನಿಯ ಆಟಗಳಲ್ಲೂ ಅಪರೂಪ.

ಕೊನೆಮೆಟ್ಟಿಲು:

@ಹಾವುಮೇಷ್ಟ್ರು ಹಾವು ಒಳ್ಳೆಯ ಉದಾಹರಣೆ, ಸರಿ. ಆದರೆ ಆ ಪಾಠ ಕಲಿತ ಮೇಲೆ ಏನಾಗುತ್ತದೆ ನೋಡಿ. ಬಾಗಿಲ ಪಕ್ಕ ನಿಂತು ಹೊಡೆಯುವುದು ಎಷ್ಟು ಲಾಭ ಅಂದರೆ ಪ್ರತಿ ಶತ್ರುವಿಗೂ ಅದನ್ನೇ ಮಾಡಬೇಕು ಅನ್ನಿಸುತ್ತದೆ. ಎದುರಿಗೆ ಸಿಕ್ಕಿದವನನ್ನು ಅಲ್ಲೇ ಹೊಡೆಯುವ ಬದಲು ಹತ್ತು ಮನೆ ಹಿಂದೆ ನಡೆದು ಬಾಗಿಲು ದಾಟು, ಓರೆ ನಿಲ್ಲು, ಹೊಡೆ, ಮತ್ತೆ ಒಂದು ಸುತ್ತು ಬಾಗಿಲು ದಾಟು, ಮತ್ತೆ ಹೊಡೆ. ಚೆನ್ನಾಗಿ ಆಡಬೇಕು ಅಂದರೆ ಬೇಸರದಿಂದ ಆಡಬೇಕು. ಜೀವ ತುಂಬಿಕೊಳ್ಳಲು ಸುಮ್ನೆ ಕಾಯುವುದು ಇನ್ನೊಂದು. ಹಸಿವು ಇರುವುದರಿಂದ ಅದಕ್ಕೆ ಮಿತಿ ಇದೆ, 300 ಟರ್ನ್‌ಗೆ ಹಸಿವು, 450ಕ್ಕೆ ಉಪವಾಸ, ಆಮೇಲೆ ಜೀವ ತುಂಬುವುದೂ ನಿಲ್ಲುತ್ತದೆ. ಆದರೂ ಊಟ ಮಿಕ್ಕಿದ ಆಟದಲ್ಲಿ ಕಾಯುವವನಿಗೇ ಲಾಭ. ಆಟಗಾರನಿಗೆ ಬೇಜಾರು ಮಾಡುವ ದಾರಿಗೇ ಹೆಚ್ಚು ಬಹುಮಾನ ಇಟ್ಟಿದ್ದಾರೆ ಅಂದರೆ ಅದು ವಿನ್ಯಾಸದ ಕೊರತೆಯೇ.

@ಬಿಲ್ಲುಗಾರ್ತಿ ವಾರಿಯರ್ ಅಲ್ಲ ಮೇಡಂ, ನಾನು ಮೇಜ್, ಅಂದರೆ ಮಾಂತ್ರಿಕನ ಪಾತ್ರ ಆಡುವವನು. ಸ್ಕಾರ್ಪಿಯೋಗೆ ಮೂಲೆ ಹಿಡಿಯಬೇಕು, ನಿಜ. ಆದರೆ ಮೂಲೆಗೆ ಬಂದ ಮೇಲೆ ನಿಮ್ಮ ಆಯುಧದ ಮೇಲೆ ಐದು ಅಪ್‌ಗ್ರೇಡ್ ಮಾತ್ರ ಇದ್ದರೆ? ಅದನ್ನು ಕೊಲ್ಲುವಷ್ಟರಲ್ಲಿ ಪಕ್ಕದ ರಿಪ್ಪರ್ ಅನ್ನುವ ರಾಕ್ಷಸ ಹಾರಿ ಬಂದಿರುತ್ತದೆ. ತಲೆ ಬೇಕು, ಆದರೆ ತಲೆ ಇದ್ದರೂ ಅಂಕಿ ಇಲ್ಲದಿದ್ದರೆ ಗೆಲ್ಲುವುದಿಲ್ಲ. ಅಂಕಿ ಸಾಕಷ್ಟು ಇದ್ದವನಿಗೆ ಮಾತ್ರ ಅರ್ಧ ತಲೆ ಸಾಕು. ನನ್ನ ದೂರು ಇಷ್ಟೇ.

ಹಳೇನಕ್ಷೆ:

ಈ ದೂರು ಶ್ಯಾಟರ್ಡ್‌ದು ಮಾತ್ರ ಅಲ್ಲ, ಮನೆತನದ್ದು. ಪಿಕ್ಸೆಲ್ ಡಂಜನ್‌ಗೆ ಸ್ಫೂರ್ತಿ ಬ್ರೋಗ್ ಅನ್ನುವ ಆಟ. ಅದು 2009ರಲ್ಲಿ ಬಂತು, ಬ್ರಯಾನ್ ವಾಕರ್ ಮಾಡಿದ್ದು. ಅಲ್ಲೂ 26ನೇ ಆಳದಲ್ಲಿ ತಾಯಿತ, ಅಲ್ಲೂ ಬಲ ಏರಿಸುವ ಎನ್‌ಚಾಂಟ್ ಸ್ಕ್ರಾಲ್ ಲೆಕ್ಕ ಹಾಕಿ ಇಟ್ಟಿರುತ್ತಾರೆ, ಅಲ್ಲೂ ಒಂದೇ ಸಾಮಾನಿಗೆ ಸುರಿದವನೇ ಜಾಸ್ತಿ ಗೆಲ್ಲುವುದು. ಆದರೆ ಬ್ರೋಗ್‌ನಲ್ಲಿ ಸುರಿಯುವ ಜಾಗ ತರಹೇವಾರಿ. ಸೆರೆಯಲ್ಲಿದ್ದ ರಾಕ್ಷಸನನ್ನು ಬಿಡಿಸಿ ಜೊತೆಗಾರ ಮಾಡಿಕೊಳ್ಳಬಹುದು, ಮಂತ್ರದ ಕೋಲುಗಳನ್ನೇ ನಂಬಿ ಆಡಬಹುದು. ಅಲ್ಲಿ ಕೊಲೆಗೆ ಅನುಭವದ ಅಂಕವೇ ಇಲ್ಲ, ಹಾಗಾಗಿ ಜಗಳ ತಪ್ಪಿಸುವುದೂ ಒಂದು ಆಟದ ರೀತಿ. ಶ್ಯಾಟರ್ಡ್‌ನಲ್ಲಿ ಆ ಸ್ವಾತಂತ್ರ್ಯ ಕಮ್ಮಿ.

ಇನ್ನೊಂದು ಕಡೆಯಿಂದ ನೋಡಿ. ಇದೇ ಜಾತಿಯ ಹಳೆಯ ಆಟ ನೆಟ್‌ಹ್ಯಾಕ್ 1987ರದ್ದು. ಅಲ್ಲಿ ಗೊತ್ತಿಲ್ಲದೆ ಸಾಯುವುದಕ್ಕೆ ಕೊನೆಯೇ ಇಲ್ಲ, ಹೊರಗಿನ ಮಾಹಿತಿ ಓದದೆ ಗೆದ್ದವರು ವಿರಳ. ಶ್ಯಾಟರ್ಡ್‌ನಲ್ಲಿ ಯಾವ ಶತ್ರುವನ್ನಾದರೂ ಒತ್ತಿ ನೋಡಿದರೆ ಅದು ಏನು ಮಾಡುತ್ತದೆ ಅಂತ ಬರೆದಿರುತ್ತದೆ. ಕೊಟ್ಟ ಮಾಹಿತಿಯೊಳಗೇ ಆಡಿ ಗೆಲ್ಲಬಹುದು. ಮೂವತ್ತು ಚಿಲ್ಲರೆ ವರ್ಷದಲ್ಲಿ ಈ ಜಾತಿಯ ಆಟ ಕಲಿತ ದೊಡ್ಡ ವಿಷಯ ಇದು.

ಇನ್‌ಟು ದಿ ಬ್ರೀಚ್ ಆಡಿದ್ದೀರಾ ಯಾರಾದರೂ? 2018ರದ್ದು, ಎಂಟು ಮನೆಗೆ ಎಂಟು ಮನೆ ಪಟ, ಮೂರು ಯಂತ್ರ. ಶತ್ರು ಮುಂದೆ ಎಲ್ಲಿ ಹೊಡೆಯುತ್ತದೆ ಅಂತ ನೂರಕ್ಕೆ ನೂರು ಮೊದಲೇ ತೋರಿಸಿಬಿಡುತ್ತದೆ. ಸ್ಲೇ ದಿ ಸ್ಪೈರ್ ಕೂಡ ಹಾಗೆ, ಶತ್ರುವಿನ ತಲೆಯ ಮೇಲೆ ಮುಂದಿನ ಏಟು ಎಷ್ಟು ಅಂತ ಬರೆದಿರುತ್ತದೆ. ಶ್ಯಾಟರ್ಡ್ ಅರ್ಧ ದಾರಿಯಲ್ಲಿದೆ. ಬಾಸ್‌ಗಳು ಸೂಚನೆ ಕೊಡುತ್ತವೆ, ಸಾಮಾನ್ಯ ಏಟು ಮಾತ್ರ ದಾಳ. ನನಗೆ ಈ ಅರ್ಧ ದಾರಿಯೇ ಇಷ್ಟ. ಪೂರ್ತಿ ಗೊತ್ತಿರುವ ಆಟದಲ್ಲಿ ಒಂದೊಂದು ಟರ್ನ್‌ಗೂ ಕೂತು ಯೋಚಿಸಿ ಯೋಚಿಸಿ ತಲೆ ಕಾಯುತ್ತದೆ.

ಸೀಡ್‌ಪುರಾಣ:

ದಾಳದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಇಲ್ಲಿನ ಅದೃಷ್ಟ ನಿಜವಾದ ಅದೃಷ್ಟ ಅಲ್ಲ, ಮೂಗುದಾರ ಹಾಕಿದ ಅದೃಷ್ಟ. ಕೋಡ್ ತೆರೆದೇ ಇದೆ, ಯಾರು ಬೇಕಾದರೂ ಓದಬಹುದು. ಸಾಮಾನುಗಳು ಇಸ್ಪೀಟಿನ ಕಟ್ಟಿನಿಂದ ಎಲೆ ಎಳೆದ ಹಾಗೆ ಬರುತ್ತವೆ. ಒಂದು ಬಗೆ ಬಂದರೆ ಮತ್ತೆ ಅದೇ ಬರುವ ಸಾಧ್ಯತೆ ಇಳಿಯುತ್ತದೆ, ಕಟ್ಟು ಖಾಲಿಯಾದರೆ ಮತ್ತೆ ತುಂಬುತ್ತದೆ. ಅಪ್‌ಗ್ರೇಡ್ ಖಾತ್ರಿ, ಮೈಬಲ ಏರಿಸುವ ಸ್ಟ್ರೆಂತ್ ಪೋಶನ್ ಭಾಗಕ್ಕೆ ಎರಡು ಖಾತ್ರಿ, ಊಟ ಲೆಕ್ಕದ ಪ್ರಕಾರ. ಅದಕ್ಕೇ ಪಳಗಿದವರು ಸಾಲಾಗಿ ಗೆಲ್ಲುತ್ತಾ ಹೋಗುವುದು. "ನನಗೆ ಒಳ್ಳೆ ಸಾಮಾನು ಬರಲಿಲ್ಲ" ಅನ್ನುವವರಿಗೆ ನನ್ನ ಉತ್ತರ ಒಂದೇ, ಚೀಲದ ಚಿತ್ರ ಹಾಕಿ. ಹತ್ತರಲ್ಲಿ ಒಂಬತ್ತು ಸಲ ಅದರಲ್ಲಿ ಎಸೆಯದೆ ಉಳಿಸಿಕೊಂಡ ಬಾಟಲಿಗಳು, ಓದದ ಸ್ಕ್ರಾಲ್‌ಗಳು, ಪೋಶನ್ ಮಾಡಲು ಪಾತ್ರೆಗೆ ಹಾಕದ ಬೀಜಗಳು ಇರುತ್ತವೆ. ಸತ್ತವನ ಚೀಲ ತುಂಬಿತ್ತು ಅಂದರೆ ಅದೃಷ್ಟವನ್ನು ಬೈಯುವ ಹಕ್ಕಿಲ್ಲ.

ಕೊನೆಮೆಟ್ಟಿಲು ಅವರ ಎರಡನೇ ಅರ್ಧದ ದೂರಿಗೆ ಚಾಲೆಂಜ್‌ಗಳೇ ಉತ್ತರ. ಒಂದು ಸಲ ಗೆದ್ದ ಮೇಲೆ ಒಂಬತ್ತು ಚಾಲೆಂಜ್, ಅಂದರೆ ಆಟವನ್ನು ಬೇಕಂತಲೇ ಕಷ್ಟ ಮಾಡುವ ಆಯ್ಕೆಗಳು ತೆರೆದುಕೊಳ್ಳುತ್ತವೆ. ಫರ್ಬಿಡನ್ ರೂನ್ಸ್ ಹಾಕಿಕೊಳ್ಳಿ, ಅಪ್‌ಗ್ರೇಡ್ ಸ್ಕ್ರಾಲ್ ಅರ್ಧಕ್ಕೆ ಇಳಿಯುತ್ತದೆ. ಈಗ ಸುರಿಯಲು ಏನೂ ಇಲ್ಲ. ಆಗ ನೋಡಿ 16ನೇ ಮಹಡಿಯಲ್ಲಿ ಒಂದೊಂದು ಬೀಜಕ್ಕೂ ಎಷ್ಟು ಬೆಲೆ ಬರುತ್ತದೆ ಅಂತ.

ಬಿಲ್ಲುಗಾರ್ತಿ:

ಇದನ್ನೇ ಹೇಳಬೇಕು ಅಂದುಕೊಂಡಿದ್ದೆ. ಅಂಕಿ ಕಮ್ಮಿ ಮಾಡಿಯೂ ಗೆಲ್ಲಬಹುದು ಅಂದರೆ ಅಂಕಿಯೇ ಎಲ್ಲ ಅನ್ನುವ ವಾದ ಬಿತ್ತು ಅಲ್ವಾ?

ಕೊನೆಮೆಟ್ಟಿಲು:

ಬೀಳಲಿಲ್ಲ. ಮಾಮೂಲಿ ಆಟದ ಕೊರತೆಯನ್ನು ತುಂಬಲು ಚಾಲೆಂಜ್ ಬೇಕು ಅಂದರೆ ಕೊರತೆ ಇದೆ ಅಂತಲೇ ಆಯಿತು. ಅದೂ ಗೆದ್ದವರಿಗೆ ಮಾತ್ರ ತೆರೆಯುತ್ತದೆ. ಆಟ ಆಡುವವರಲ್ಲಿ ಬಹುಪಾಲು ಜನ ಆ ಬಾಗಿಲನ್ನೇ ನೋಡುವುದಿಲ್ಲ. ಅವರ ಮಟ್ಟಿಗೆ ಈ ಆಟ ಅಂದರೆ "ಒಳ್ಳೆಯ ಕವಚ ಹುಡುಕು, ಅದಕ್ಕೆ ಎಲ್ಲ ಸುರಿ" ಅಷ್ಟೇ. ಮತ್ತೆ ಫರ್ಬಿಡನ್ ರೂನ್ಸ್‌ನಲ್ಲೂ ಸಿಕ್ಕ ಏಳೆಂಟನ್ನು ನೀವು ಹಂಚುತ್ತೀರಾ? ಒಂದಕ್ಕೇ ಹಾಕುತ್ತೀರಿ. ಹೇಳಿ, ಇಲ್ಲ ಅನ್ನಿ.

ಬಿಲ್ಲುಗಾರ್ತಿ:

ಒಂದಕ್ಕೇ ಹಾಕುತ್ತೇನೆ :)

ಆದರೆ ಯಾವ ಒಂದಕ್ಕೆ ಅನ್ನುವುದು ಪ್ರತಿ ಆಟದಲ್ಲೂ ಬೇರೆ. ಆ ತೀರ್ಮಾನದಲ್ಲೇ ರುಚಿ ಇರುವುದು. ಒಂದು ಆಟದಲ್ಲಿ ಜೈಲಿನ ಮುದುಕ ಕೊಟ್ಟ ವಾಂಡ್ (ಮಂತ್ರದ ಕಡ್ಡಿ), ಇನ್ನೊಂದರಲ್ಲಿ ಇಂಪ್ ಅನ್ನುವ ಪುಟ್ಟ ರಾಕ್ಷಸ ಕೊಟ್ಟ ಉಂಗುರ, ಮತ್ತೊಂದರಲ್ಲಿ ಭೂತದ ಕೆಲಸ ಮಾಡಿಕೊಟ್ಟು ಪಡೆದ ಕವಚ. ಬೇಗ ತೀರ್ಮಾನಿಸಿದರೆ ಬೇಗ ಬಲ ಬರುತ್ತದೆ, ಆದರೆ ಆಮೇಲೆ ಇನ್ನೂ ಒಳ್ಳೆಯದು ಸಿಕ್ಕರೆ ಹೊಟ್ಟೆ ಉರಿಯುತ್ತದೆ. ತಡ ಮಾಡಿದರೆ ಹತ್ತನೇ ಮಹಡಿಯ ಬಾಸ್ ಟೆಂಗು ಕೈಯಲ್ಲಿ ಸಾಯಬಹುದು. ಯಾವಾಗ ಕೈ ಬಿಚ್ಚಬೇಕು ಅನ್ನುವ ಆ ಒದ್ದಾಟ ನಿಮಗೆ ಸಣ್ಣದಾಗಿ ಕಾಣಿಸಿದರೆ ನಾನೇನು ಮಾಡಲಿ.

ಏಡಿಕಾಟ:

ಹಾವು ಸತ್ತಿತು!! ಬಾಗಿಲ ಹತ್ತಿರ ಒಂದೇ ಏಟು. ಏಡಿಯೂ ಸತ್ತಿತು. ಥ್ಯಾಂಕ್ಸ್ ಮೇಷ್ಟ್ರೇ. ಆದರೆ ಕಪ್ಪು ಮುದ್ದೆ ಇನ್ನೂ ಸಾಯುತ್ತಿಲ್ಲ. ಅರ್ಧ ಜೀವ ಇಳಿಸುತ್ತೇನೆ, ಆಮೇಲೆ ಒಂದೇ ಹೊಡೆತಕ್ಕೆ ನನ್ನನ್ನು ಮುಗಿಸಿಬಿಡುತ್ತದೆ.

ಹಾವುಮೇಷ್ಟ್ರು:

ಅದರ ಹೆಸರು ಗೂ. ಜೀವ 100. ಅದು ಉಬ್ಬಿಕೊಂಡು ಸುತ್ತ ಕಪ್ಪು ಕಣ ಹಾರಿಸಲು ಶುರು ಮಾಡಿತು ಅಂದರೆ ದೊಡ್ಡ ಏಟು ಬರುತ್ತಿದೆ ಅಂತ ಅರ್ಥ. ಆ ಏಟು ಎರಡು ಮನೆ ದೂರಕ್ಕೂ ತಾಗುತ್ತದೆ, ಹಾಗಾಗಿ ಒಂದು ಹೆಜ್ಜೆ ಹಿಂದೆ ಸರಿದರೆ ಸಾಲದು. ಕಣ ಕಂಡ ಕೂಡಲೇ ಹೊಡೆಯುವುದು ನಿಲ್ಲಿಸಿ ದೂರ ಹೋಗಿ, ಕಂಬವೋ ಗೋಡೆಯೋ ಅಡ್ಡ ಇದ್ದರೆ ಇನ್ನೂ ಒಳ್ಳೆಯದು. ಎರಡನೇ ವಿಷಯ, ನೀರಿನಲ್ಲಿ ನಿಂತರೆ ಅದರ ಜೀವ ತುಂಬಿಕೊಳ್ಳುತ್ತದೆ. ನೀವು ಒಣ ನೆಲದಲ್ಲಿ ನಿಂತು ಅದನ್ನು ಆಚೆ ಎಳೆಯಿರಿ. ಮೂರನೆಯದು, ನೀರಿನ ಚೀಲದಲ್ಲಿ 20 ಹನಿ ತುಂಬಿಸಿಕೊಂಡು ಇಳಿಯಿರಿ. ಪೂರ್ತಿ ತುಂಬಿದ ಚೀಲ ಪೂರ್ತಿ ಜೀವ ಕೊಡುತ್ತದೆ.

ಅದೇ ಮಹಡಿಯಲ್ಲಿ ಗುಟ್ಟಿನ ಕೋಣೆಯೊಂದರಲ್ಲಿ ಇಲಿಗಳ ರಾಜ ಮಲಗಿರುತ್ತಾನೆ, ಸಿಕ್ಕರೆ ಮಾತಾಡಿಸಿ. ಅವನಿಂದ ಈಗ ಲಾಭ ಏನಿಲ್ಲ. ಮುಂದೆ ಕುಳ್ಳರ ರಾಜನ ಕಿರೀಟ ಸಿಕ್ಕ ಮೇಲೆ ಇವನ ಹತ್ತಿರ ವಾಪಸ್ ತಂದುಕೊಟ್ಟರೆ ಒಂದು ತಮಾಷೆ ಇದೆ, ಹೇಳಲ್ಲ.

ತಡರಾತ್ರಿಟರ್ನ್:

ನೀವೆಲ್ಲ ಅಪ್‌ಗ್ರೇಡ್ ಅಪ್‌ಗ್ರೇಡ್ ಅಂತ ಇದ್ದೀರಿ, ನನಗೆ ಸಮಸ್ಯೆ ಬೆರಳಿನದು. ಫೋನ್‌ನಲ್ಲಿ ಆಡುವವರಿಗೆ ಇದು ಅರ್ಥವಾಗುತ್ತದೆ. ಮನೆಗಳು ಚಿಕ್ಕವು. ಶತ್ರುವಿನ ಮೇಲೆ ಒತ್ತಬೇಕು ಅಂತ ಹೋಗಿ ಪಕ್ಕದ ಮನೆ ಒತ್ತಿದರೆ ನಮ್ಮ ಹೀರೋ ಹೊಡೆಯುವ ಬದಲು ನಡೆದುಬಿಡುತ್ತಾನೆ. ಒಂದು ಟರ್ನ್ ಹೋಯಿತು. ಈವಿಲ್ ಐ ಎದುರು ಒಂದು ಟರ್ನ್ ಅಂದರೆ ಏನು ಅಂತ ಮೇಲೆ ಬರೆದಿದ್ದಾರೆ. ಜೂಮ್ ಮಾಡಬಹುದು, ಆದರೆ ಜೂಮ್ ಮಾಡಿದರೆ ದೂರದವರು ಕಾಣುವುದಿಲ್ಲ. ಕಂಪ್ಯೂಟರ್ ಆವೃತ್ತಿ 2022ರಲ್ಲಿ ಸ್ಟೀಮ್‌ಗೆ ಬಂದ ಮೇಲೆ ನಾನು ಗಂಭೀರವಾಗಿ ಆಡುವುದೆಲ್ಲ ಅಲ್ಲೇ. ಕೀಬೋರ್ಡ್‌ನಲ್ಲಿ ಇದು ಬೇರೆಯೇ ಆಟ.

ಆದರೆ ಫೋನ್‌ನ ಗುಣವನ್ನೂ ಹೇಳಬೇಕು. ಜಗಳದ ನಡುವೆ ಫೋನ್ ಜೇಬಿಗೆ ಹಾಕಿ, ಎರಡು ದಿನ ಬಿಟ್ಟು ತೆಗೆದರೂ ಅದೇ ಟರ್ನ್‌ನಲ್ಲಿ ಕಾಯುತ್ತಿರುತ್ತದೆ. ಜಾಹೀರಾತು ಇಲ್ಲ, ನೆಟ್ ಬೇಕಿಲ್ಲ, "ನಾಳೆ ಬಂದರೆ ಬಹುಮಾನ" ಅನ್ನುವ ಕಾಟ ಇಲ್ಲ. ಫೋನ್ ಆಟಗಳ ಈಗಿನ ಸ್ಥಿತಿಯಲ್ಲಿ ಇದೊಂದೇ ಸಾಕು ನನಗೆ.

ಹಳೇನಕ್ಷೆ:

ಆಟದ ಉದ್ದದ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಅದೇ ದೊಡ್ಡ ಕೊರತೆ. ಹತ್ತೊಂಬತ್ತನೇ ಮಹಡಿಯಲ್ಲಿ ಸತ್ತರೆ ಮತ್ತೆ ಒಂದನೇ ಮಹಡಿಯ ಇಲಿ. ಚರಂಡಿಯ ನಾಲ್ಕು ಮಹಡಿ ಹೊಸಬರಿಗೆ ಪಾಠಶಾಲೆ, ಹಳಬರಿಗೆ ಶಿಕ್ಷೆ. ನಕ್ಷೆ ಬದಲಾಗುತ್ತದೆ, ಆದರೆ ಇಲಿ, ನಾಲ್ ಅನ್ನುವ ರಾಕ್ಷಸ, ಏಡಿ, ನೊಣ, ಹಾವು ಬದಲಾಗುವುದಿಲ್ಲ. 2024ರಲ್ಲಿ ಟ್ರಿಂಕೆಟ್ ಅನ್ನುವ, ಆಟದ ನಿಯಮವನ್ನೇ ಕೊಂಚ ಬದಲಿಸುವ ಪುಟ್ಟ ಸಾಮಾನು ಸೇರಿಸಿದರು, ಅದರಿಂದ ಶುರುವಿನಲ್ಲೇ ಒಂದು ಆಟಕ್ಕೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸ ಬಂತು. 2023ರಲ್ಲಿ ಡ್ಯುಯೆಲಿಸ್ಟ್, 2025ರಲ್ಲಿ ಕ್ಲೆರಿಕ್ ಅನ್ನುವ ಹೊಸ ಪಾತ್ರಗಳು ಬಂದರು, ಅವರನ್ನು ಕಲಿಯುವಾಗ ಚರಂಡಿಯೂ ಹೊಸದಾಗಿ ಕಾಣಿಸಿತು. ಕಲಿತ ಮೇಲೆ ಮತ್ತೆ ಅದೇ ಚರಂಡಿ. ಬೇರೆಯವರು ಕೋಡ್ ತಿದ್ದಿ ಮಾಡಿದ ಆವೃತ್ತಿಗಳು, ಅಂದರೆ ಮಾಡ್‌ಗಳು ಬೇಕಾದಷ್ಟಿವೆ, ಕೋಡ್ ತೆರೆದಿರುವುದರ ಪುಣ್ಯ. ಆದರೆ ಮಾಡ್‌ಗಳಲ್ಲಿ ಹದ ತಪ್ಪಿದ್ದೇ ಜಾಸ್ತಿ. ಮೂಲದ ಬಿಗಿ ಅವಕ್ಕಿಲ್ಲ.

ಏಡಿಕಾಟ:

ಗೂ ಸತ್ತಿತು. ಕಂಬದ ಹಿಂದೆ ನಿಂತು ನಿಂತು ಕೊಂದೆ. ಈಗ ಆರನೇ ಮಹಡಿ, ಮತ್ತೆ ಪ್ಲೇಟ್ ಆರ್ಮರ್ ಸಿಕ್ಕಿದೆ! ಕೈಯಲ್ಲಿ ಮೂರು ಅಪ್‌ಗ್ರೇಡ್ ಇವೆ, ಸ್ಟ್ರೆಂತ್ 12. ಎಲ್ಲ ಇದಕ್ಕೇ ಸುರಿಯಲಾ?

ಸೀಡ್‌ಪುರಾಣ:

ನಿಲ್ಲಿ ನಿಲ್ಲಿ. ಪ್ಲೇಟ್‌ಗೆ 18 ಸ್ಟ್ರೆಂತ್ ಬೇಕು. ನಿಮಗೆ ಆರು ಕಮ್ಮಿ. ಒಂದು ಅಪ್‌ಗ್ರೇಡ್‌ಗೆ ಆ 18 ಒಂದು ಇಳಿಯುತ್ತದೆ, ಮೂರಕ್ಕೆ ಎರಡು ಇಳಿಯುತ್ತದೆ. ಮೂರೂ ಸುರಿದರೂ ನಾಲ್ಕು ಕಮ್ಮಿಯೇ. ಹಾಕಿಕೊಂಡರೆ ನಡಿಗೆ ನಿಧಾನವಾಗುತ್ತದೆ, ಏಟು ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಗುರುತಿಲ್ಲದ ಕವಚ ಆಗಿದ್ದರೆ ಶಾಪ ಇದೆಯೋ ಅಂತಲೂ ನೋಡಬೇಕು, ಶಾಪ ಇದ್ದರೆ ಬಿಚ್ಚಲೂ ಆಗದು.

ಕೊನೆಮೆಟ್ಟಿಲು:

ನಾನಾದರೆ ಸುರಿಯುತ್ತೇನೆ. ಜೈಲಿನಲ್ಲಿ ಇನ್ನೂ ಎರಡು ಸ್ಟ್ರೆಂತ್, ಮೂರು ಅಪ್‌ಗ್ರೇಡ್ ಸಿಗುತ್ತವೆ. ಹತ್ತನೇ ಮಹಡಿಯ ಹೊತ್ತಿಗೆ ಆರು ಅಪ್‌ಗ್ರೇಡ್ ಆಗಿ ಬೇಡಿಕೆ 15ಕ್ಕೆ ಇಳಿದಿರುತ್ತದೆ, ನಿಮ್ಮದು 14. ಅಲ್ಲಿಗೆ ಹೆಚ್ಚು ಕಮ್ಮಿ ಸರಿಹೋಯಿತು. ಆರರಿಂದ ಒಂಬತ್ತರವರೆಗೆ ಹಳೆಯ ಕವಚದಲ್ಲೇ ಹುಷಾರಾಗಿ ಬದುಕಿಕೊಂಡರೆ ಮುಂದಿನದೆಲ್ಲ ಸಲೀಸು. ನೋಡಿ, ನಾನು ದೂರುತ್ತಿರುವುದೂ ಇದನ್ನೇ. ಆರನೇ ಮಹಡಿಯಲ್ಲೇ ಒಬ್ಬ ಹೊಸಬನ ಪೂರ್ತಿ ಆಟ ತೀರ್ಮಾನವಾಗಿಬಿಟ್ಟಿತು.

ಬಿಲ್ಲುಗಾರ್ತಿ:

ಆಗಿಲ್ಲ. ಅವರ ಹತ್ತಿರ ಬೇರೆ ಏನಿದೆ ಅಂತ ನೀವು ಕೇಳಲೇ ಇಲ್ಲ.

ಒಂದು ಕೆಲಸ ಮಾಡೋಣ. ಸೀಡ್, ಅಂದರೆ ನಕ್ಷೆಯನ್ನು ಹುಟ್ಟಿಸುವ ಗುರುತು ಹಾಕಿ ಆಡುವ ಸೌಲಭ್ಯ ಇದೆಯಲ್ಲ. ಒಂದೇ ಸೀಡ್, ಒಂದೇ ನಕ್ಷೆ, ನೆಲದಲ್ಲಿ ಬಿದ್ದಿರುವ ಸಾಮಾನೂ ಒಂದೇ. ನೀವು ಎಲ್ಲ ಒಂದಕ್ಕೆ ಸುರಿಯಿರಿ. ನಾನು ಯಾವುದಕ್ಕೂ ಐದಕ್ಕಿಂತ ಜಾಸ್ತಿ ಹಾಕುವುದಿಲ್ಲ. ಮೂರು ಕಡೆ ಹಂಚಿ ಆಡುತ್ತೇನೆ. ಯಾರು ಎಲ್ಲಿಯವರೆಗೆ ಹೋಗುತ್ತಾರೆ ಅಂತ ಇಲ್ಲೇ ಬರೆಯೋಣ. ವಾರಿಯರ್, ಚಾಲೆಂಜ್ ಬೇಡ. ಒಪ್ಪಿಗೆಯಾ?

ಸೀಡ್‌ಪುರಾಣ:

ಸೀಡ್ ನಾನು ಆರಿಸಿ ಕೊಡುತ್ತೇನೆ, ನಾನು ಆಡುವುದಿಲ್ಲ, ಹಾಗಾದರೆ ಪಕ್ಷಪಾತ ಇರುವುದಿಲ್ಲ. ಕೊಂದ ಶತ್ರುಗಳಿಂದ ಬೀಳುವ ಸಾಮಾನು ಇಬ್ಬರಿಗೂ ಒಂದೇ ಇರುತ್ತದೆ ಅಂತ ಹೇಳಲಾಗದು, ಅದು ನೀವು ಆಡಿದ ರೀತಿಯ ಮೇಲೆ ಹೋಗುತ್ತದೆ. ಇಬ್ಬರೂ ದಿನಕ್ಕೊಂದು ಭಾಗ ಆಡಿ, ಚೀಲದ ಚಿತ್ರ ಹಾಕಿ.

ಕೊನೆಮೆಟ್ಟಿಲು:

ಒಪ್ಪಿಗೆ. ಆದರೆ ವಾರಿಯರ್ ಬೇಡ. ಅವನ ಕವಚಕ್ಕೆ ಅಂಟುವ ಸೀಲ್ (ಮುದ್ರೆ) ಒಂದು ಅಪ್‌ಗ್ರೇಡನ್ನು ಹಳೆಯ ಕವಚದಿಂದ ಹೊಸದಕ್ಕೆ ಹೊತ್ತುಕೊಂಡು ಹೋಗುತ್ತದೆ, ಹಂಚಿದ್ದೆಷ್ಟು ಸುರಿದದ್ದೆಷ್ಟು ಅಂತ ಲೆಕ್ಕ ಕಲಸಿಹೋಗುತ್ತದೆ. ಹಂಟ್ರೆಸ್ ಅಂತೂ ಬೇಡವೇ ಬೇಡ, ನಿಮ್ಮ ಬಿಲ್ಲು ತಾನೇ ಬೆಳೆಯುತ್ತದೆ ಅಂತ ನೀವೇ ಹೇಳಿದ್ದೀರಿ. ರೋಗ್ (ಕಳ್ಳನ ಪಾತ್ರ) ತಗೊಳ್ಳೋಣ.

ಬಿಲ್ಲುಗಾರ್ತಿ:

ರೋಗ್ ಸರಿ. ಗುಹೆಯ ಕಮ್ಮಾರನ ಹತ್ತಿರ ಎರಡು ಸಾಮಾನು ಸೇರಿಸಿ ಅಪ್‌ಗ್ರೇಡ್ ಗಿಟ್ಟಿಸುವುದು ಇಬ್ಬರಿಗೂ ಬೇಡ. ಸತ್ತ ಮೇಲೆ ಬದುಕಿಸುವ ಅಂಖ್ ಸಿಕ್ಕರೆ ಬಳಸಬಹುದು. ಸೀಡ್ ಹಾಕಿ ಪುರಾಣದವರೇ, ನಾನು ಇವತ್ತೇ ಚರಂಡಿಗೆ ಇಳಿಯುತ್ತೇನೆ.

ಏಡಿಕಾಟ:

ಇಷ್ಟರಲ್ಲಿ ನಾನು ಒಂದು ಅಪ್‌ಗ್ರೇಡ್ ಪ್ಲೇಟ್‌ಗೆ ಹಾಕಿದೆ, ಎರಡು ಚೀಲದಲ್ಲೇ ಇಟ್ಟುಕೊಂಡಿದ್ದೇನೆ. ಬೈಯಬೇಡಿ. ಏಳನೇ ಮಹಡಿಯಲ್ಲಿ ಒಂದು ಕೋಣೆ, ಒಳಗೆ ಕೊಳ, ಕೊಳದಲ್ಲಿ ಮೀನು, ಆಚೆ ದಡದಲ್ಲಿ ಪೆಟ್ಟಿಗೆ. ಚೀಲದಲ್ಲಿ ಗುರುತಿಲ್ಲದ ಬಾಟಲಿ ಎರಡು, ಹಸಿರು ಒಂದು ಕೆಂಪು ಒಂದು. ಹಸಿರು ನಾಲ್ಕನೇ ಮಹಡಿಯಲ್ಲಿ ಸಿಕ್ಕಿದ್ದು. ಕೆಂಪು ಇದೇ ಮಹಡಿಯದು, ಇಲ್ಲಿ ಬೇರೆ ಬಾಟಲಿ ಯಾವುದೂ ಸಿಕ್ಕಿಲ್ಲ, ಎಲ್ಲ ಮೂಲೆ ನೋಡಿ ಆಯಿತು. ಹಾಗಾದರೆ ಕೆಂಪೇ ಇನ್‌ವಿಸಿಬಿಲಿಟಿ ಅಲ್ವಾ? ಕುಡಿಯುತ್ತಿದ್ದೇನೆ.